ಹೊಸ ಕಂಪ್ಯೂಟರಿನೊಳಗಿನ ಹಳೆಯದು

ನಂಜನಗೂಡಿನ ಬಸ್‌ಸ್ಟ್ಯಾಂಡ್ ಪಕ್ಕದ ತನ್ನ ಕಾರ್ಡು ಪ್ರಿಂಟಿಂಗ್ ಅಂಗಡಿಯ ಶಟರ್ ಎತ್ತಿ ಮಧುಶ್ರೀ ಕಂಪ್ಯೂಟರ್ ಹಾಕಿದಳು. ಮೊದಲು ವಿಂಡೋಸ್ ಎಕ್ಸ್‌ಪಿ ಬಂತು. ಅದರಲ್ಲಿದ್ದ ಒಂದು ಐಕಾನ್ ಒತ್ತಿದಾಗ ಪರದೆಯ ಮೇಲೆ ಕಿಟಕಿಯೊಂದು ತೆರೆದು, ಅದರೊಳಗೆ ಹಳೆಯ ಕಂಪ್ಯೂಟರಿನ ವಿಂಡೋಸ್ 98 ಎದ್ದು ಕೂತಿತು. ದಿನವೂ ಅದು ತೋರಿಸುವುದು ಒಂದನ್ನೇ, ತಲಕಾಡಿನ ಯಾರದೋ ಮದುವೆ ಕಾರ್ಡು. ವರನ ಹೆಸರಿದೆ, ವಧುವಿನ ಹೆಸರಿಲ್ಲ. ಅವಳ ಗಂಡ ಪ್ರೇಮ್‌ಕುಮಾರ್ ಅಷ್ಟು ಟೈಪು ಮಾಡಿ, ಯಾಕೋ ಮೈ ಬಿಸಿಯಾಗಿದೆ ಎಂದು ಮನೆಗೆ ಬಂದು ಮಲಗಿದ್ದ. ಜಾಂಡೀಸ್ ಎಂದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ತಲಕಾಡಿನವರು ಬೇರೆ ಕಡೆ ಅಚ್ಚು ಹಾಕಿಸಿಕೊಂಡರು.

ಆಮೇಲೆ ಅವನ ಕಂಪ್ಯೂಟರ್ ಕೂಡ ಕೈಕೊಡತೊಡಗಿತು. ಅವನ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಅವಳು ಕೊಂಡ ಹೊಸದರಲ್ಲಿ ಏಳುತ್ತಿರಲಿಲ್ಲ. ಟಿ. ನರಸೀಪುರದಿಂದ ರಿಪೇರಿಗೆ ಬರುವ ಜಗನ್ ಹಳೆಯ ಡಿಸ್ಕನ್ನು ಪೂರ್ತಿ ನಕಲು ಮಾಡಿ ವರ್ಚುವಲ್ ಮೆಷಿನ್ ಒಂದರಲ್ಲಿ ಕೂರಿಸಿದ.

"ಹಳೇದನ್ನ ಹೊಸದ್ರ ಹೊಟ್ಟೇಲಿಟ್ಟಿದ್ದೀನಿ ಅಕ್ಕ. ತಾನು ಇನ್ನೊಂದ್ರೊಳಗಿದ್ದೀನಿ ಅಂತ ಅದ್ಕೇ ಗೊತ್ತಿಲ್ಲ" ಎಂದು ನಕ್ಕಿದ್ದ. ಅವಳು ಆ ಕಾರ್ಡನ್ನು ತೆರೆದು ನೋಡುತ್ತಿದ್ದಾಗಲೇ ಅವನು ಮೆಷಿನ್ನಿನ ಆ ಸ್ಥಿತಿಯನ್ನು ಹಾಗೆಯೇ ಹಿಡಿದಿಟ್ಟ. "ಇದು ಫೋಟೊ ಇದ್ದಂಗೆ. ಯಾರ್ ಫ್ಲಾಪಿಯಿಂದ ವೈರಸ್ ಬಂದ್ರೂ ಆಫ್ ಮಾಡಿ ಆನ್ ಮಾಡಿ, ವಾಪಸ್ ಇಲ್ಲಿಗೇ ಬತ್ತದೆ."

ಎಲ್ಲವೂ ವಾಪಸ್ ಬರುತ್ತಿತ್ತು. ಅವಳು ಉಳಿಸಿದ್ದು ಮಾತ್ರ ಮಾರನೆಯ ದಿನ ಇರುತ್ತಿರಲಿಲ್ಲ. ಆ ಸಾಫ್ಟ್‌ವೇರ್ ಕಾರ್ಡುಗಳನ್ನು ತನ್ನೊಳಗೆ ಬಿಟ್ಟು ಆಚೆ ಎಲ್ಲೂ ಇಡುವುದಿಲ್ಲ, ಆಫ್ ಮಾಡಿದರೆ ಅವೂ ಅಳಿಯುತ್ತವೆ ಎಂಬುದು ಜಗನ್‌ಗೆ ಹೊಳೆದಿರಲಿಲ್ಲ. ಅವಳಿಗೆ ಬೇಗನೆ ಗೊತ್ತಾಯಿತು. ಅವನಿಗೆ ಹೇಳಲಿಲ್ಲ.

ಈ ಕಸುಬಿನಲ್ಲಿ ಯಾರೂ ಖಾಲಿ ಹಾಳೆಯಿಂದ ಶುರುಮಾಡುವುದಿಲ್ಲ. ಕೆಲಸ ಮುಗಿದ ಹಳೆಯ ಕಾರ್ಡು ತೆಗೆದು, ಹೆಸರು ಅಳಿಸಿ, ಹೊಸ ಹೆಸರು ತುಂಬಿ, ಅದರ ಮೇಲೇ ಸೇವ್ ಒತ್ತುತ್ತಾರೆ. ಪ್ರೇಮ್ ಕಲಿಸಿದ್ದೂ ಅದನ್ನೇ. ಅವಳು ದಿನವೂ ತಲಕಾಡಿನ ಕಾರ್ಡಿನ ಮೇಲೇ ಬೇರೆಯವರ ನಾಮಕರಣ, ತಿಥಿ ಟೈಪು ಮಾಡಿದಳು. ಬೆಳಿಗ್ಗೆ ಅದು ಮತ್ತೆ ಅಲ್ಲೇ ಇರುತ್ತಿತ್ತು, ವಧುವಿಲ್ಲದೆ. ಅವಳು ಸ್ವಲ್ಪ ಹೊತ್ತು ನೋಡುತ್ತಿದ್ದಳು. ಅಳು ಬರುತ್ತಿರಲಿಲ್ಲ. ಅದೊಂದು ಅಲ್ಲಿರಬೇಕು, ಅಷ್ಟೆ.

ಆ ದಿನ ಜಗನ್ ಪ್ರಿಂಟರ್ ನೋಡಲು ಬಂದಿದ್ದಾಗಲೇ ದೇವನೂರಿನ ಚಲುವಯ್ಯ ತನ್ನ ಗೃಹಪ್ರವೇಶದ ಕಾರ್ಡು ಹಿಡಿದು ಒಳಗೆ ಬಂದ.

"ಏನವ್ವ ಇದು, ಸುಖಾಗಮನ ಬಯಸುವವರು ಅನ್ನೋ ಕಡೆ ನನ್ ಬಾಮೈದುನ್ ಎಸ್ರೇ ಇಲ್ವಲ್ಲ. ಬರಾಕಿಲ್ಲ ಅಂತ ಕಂಬ್ಳಿ ಒದ್ಕೊಂಡು ಮಲ್ಗವ್ನೆ."

"ನೀವೇ ಬರ್ಸಿರ್ಲಿಲ್ಲ ಅಣ್ಣ."

"ಮರ್ತೋಯ್ತು ಕಣವ್ವ. ಅದೇ ಕಾರ್ಡ್ ತಗ್ದು ಒಂದ್ ಎಸ್ರು ತುರ್ಕು, ಸಾಕು."

"ಆ ಕಾರ್ಡ್ ಇಲ್ಲ. ಮೊದ್ಲಿಂದ ಟೈಪ್ ಹೊಡೀಬೇಕು."

"ಓದ್ ವಾರ ಮಾಡಿದ್ದು ಎಲ್ಲೋಯ್ತು? ಇಲಿ ತಿಂತಾ?"

ಜಗನ್ ತಲೆಯೆತ್ತಿದ. ಅವನು ಬಂದು ಮೌಸ್ ಹಿಡಿದು ಅಲ್ಲಿ ಇಲ್ಲಿ ನೋಡಿದ.

"ಅಯ್ಯೋ ಅಕ್ಕ, ಒಂದೂ ಉಳ್ದಿಲ್ವಲ್ಲ. ನಂಗೊಂದು ಫೋನ್ ಮಾಡೋದಲ್ವಾ? ಹಿಂಗಾದ್ರೆ ಅಂಗಡಿ ನಡೆಯುತ್ತಾ?"

"ಇರ್ಲಿ ಬಿಡು."

"ಇರ್ಲಿ ಬಿಡು ಅಂದ್ರೆ? ಇವ್ರು ಇನ್ನೊಂದ್ ಸಲ ಬರ್ತಾರಾ?"

"ನಾನಂತೂ ಬರಾಕಿಲ್ಲಪ್ಪ" ಎಂದ ಚಲುವಯ್ಯ.

ಜಗನ್ ಅಂದು ತಾನೇ ಹಿಡಿದಿಟ್ಟ ಆ ಫೋಟೊವನ್ನು ತೆಗೆದುಹಾಕಿದ. ಪರದೆ ಒಂಚೂರೂ ಬದಲಾಗಲಿಲ್ಲ. ತಲಕಾಡಿನ ಕಾರ್ಡು ಇದ್ದಲ್ಲೇ ಇತ್ತು.

"ಇನ್ಮೇಲೆ ಮಾಡಿದ್ದೆಲ್ಲ ನಿಲ್ತದೆ. ಇದು ಬೇಕಾ? ಬೇಕಿದ್ರೆ ಬೇರೆ ಹೆಸ್ರಲ್ಲಿ ಇಟ್ಕೊಂಬಿಡಿ ಅಕ್ಕ."

"ಇಡ್ತೀನಿ."

"ಬೇಗ ಮಾಡವ್ವ, ಬಸ್ಸು ಒಂಟೋಯ್ತದೆ" ಎಂದು ಚಲುವಯ್ಯ ಸ್ಟೂಲ್ ಎಳೆದುಕೊಂಡು ಕೂತು ಹೆಸರು ಹೇಳತೊಡಗಿದ. ಯಾವ ಹೆಸರು ಮೇಲೆ, ಯಾವುದು ಕೆಳಗೆ ಎಂದು ತಾನೇ ಎರಡು ಸಲ ಬದಲಾಯಿಸಿದ. ಬಾಮೈದುನನ ಹೆಸರು ಮೊದಲು ಬರಲಿ ಎಂದ. ಅವಳ ಬೆರಳುಗಳು ವರನ ಹೆಸರನ್ನು ಅಳಿಸಿದವು, ಊರನ್ನು ಅಳಿಸಿದವು, ಚಲುವಯ್ಯ ಹೇಳಿದ್ದನ್ನು ತುಂಬಿದವು. ಮುಗಿದ ಕೂಡಲೇ, ಎಂದಿನಂತೆ ಅದರ ಮೇಲೇ, ಸೇವ್ ಒತ್ತಿದವು.

ಒತ್ತಿದ ಮೇಲೆ ಅವಳ ಕೈ ಕೀಬೋರ್ಡಿನ ಮೇಲೇ ನಿಂತಿತು.

"ಒಂದ್ ನಿಮಿಷ, ಟೆಸ್ಟ್ ಮಾಡಾಣ" ಎಂದು ಜಗನ್ ಒಳಗಿನ ಮೆಷಿನ್ ಆಫ್ ಮಾಡಿ ಮತ್ತೆ ಹಾಕಿದ. ಕಿಟಕಿ ಕಪ್ಪಾಗಿ, ಮತ್ತೆ ಬೆಳಗಿ, ಖಾಲಿ ಪರದೆ ಬಂತು. ಅವನೇ ಕಾರ್ಡು ತೆರೆದ. ಚಲುವಯ್ಯನ ಗೃಹಪ್ರವೇಶ.

"ಉಳೀತು ನೋಡಿ ಅಕ್ಕ" ಎಂದ ಜಗನ್.

ಮಧುಶ್ರೀ ನೋಡಿದಳು. ಎಲ್ಲ ಹೆಸರೂ ಇದ್ದವು. ಎದೆಯೊಳಗೆ ಏನಾದರೂ ಆಗುವುದೇನೋ ಎಂದು ಕಾದಳು. ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು.

"ಎಷ್ಟ್ ಪ್ರಿಂಟ್ ತೆಗೀಲಿ ಅಣ್ಣ?" ಎಂದು ಚಲುವಯ್ಯನನ್ನು ಕೇಳಿದಳು.