ಬೆನ್ನು ಮಾತ್ರ ಕಾಣುವ ಜಿಗಿತ

ದೌಲತಾಬಾದ್ ಕೋಟೆಯ ನೆತ್ತಿಯಿಂದ ಏಳುನೂರು ಅಡಿ ಕೆಳಕ್ಕೆ, ಒಂದು ಕೈಯಲ್ಲಿ ಪಿಸ್ತೂಲು, ಇನ್ನೊಂದು ಕೈಯಲ್ಲಿ ತುಂಬಿದ ಚಹಾದ ಕಪ್ಪು ಹಿಡಿದು ಜಿಗಿದು, ಒಂದು ಹನಿಯನ್ನೂ ಚೆಲ್ಲದೆ ನೆಲಕ್ಕಿಳಿದು, ಆ ಚಹಾವನ್ನು ಕುಡಿದು, ಸಕ್ಕರೆ ಕಡಿಮೆಯಾಯಿತೆಂದು ದೂರಿದ ಗಂಡಸು ಭೂಮಂಡಲದಲ್ಲಿ ಒಬ್ಬನೇ. ಅವನು ನಾಸಿಕದ ಸದಾನಂದ ಶೆಟ್ಟರ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದ ಕುಂದಾಪುರದ ಜಯಕರ.

ಇದನ್ನು ಜಯಕರ ದಿನಕ್ಕೆ ಎರಡು ಸಲ ಹೇಳುತ್ತಿದ್ದ, ಆದಿತ್ಯವಾರ ನಾಲ್ಕು ಸಲ. ಓಝರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಧಾರವಾಡದ ಗುರುಸಿದ್ದಪ್ಪ ರಜೆಯ ದಿನ ತಪ್ಪದೆ ಬಂದು ಕಾವಲಿಯ ಹತ್ತಿರದ ಮೇಜಿನಲ್ಲೇ ಕೂರುತ್ತಿದ್ದ. ದೋಸೆಗಿಂತ ಅವನಿಗೆ ಈ ಕತೆಯೇ ರುಚಿ.

"ಏನ್ರಿ ಜಯಕರಣ್ಣಾರ, ಹೋದ ವಾರ ಐದನೂರ ಫೂಟ ಅಂದಿದ್ರಿ. ಕ್ವಾಟಿ ಬೆಳಿಯಾಕ ಹತ್ತೇತೇನು?"

"ಕೋಟೆ ಅಲ್ಲ ಮಾರಾಯ್ರೆ, ನೆಲ ಕುಸೀತಾ ಉಂಟು. ನಾನು ಬಿದ್ದ ಪೆಟ್ಟಿಗೆ."

"ಅಷ್ಟು ಎತ್ತರದಾಗ ಚಾ ಎಲ್ಲಿಂದ ಬಂತರಿ?"

"ಮೇಲೆ ಕುದಿಸಿದ್ದು. ಕೆಳಗೆ ಬರುವಷ್ಟರಲ್ಲಿ ಕುಡಿಯುವ ಹದಕ್ಕೆ ಆರಿತ್ತು."

ಕತೆಯ ಬೇರು ಒಂದು ಹಿಂದಿ ಸಿನಿಮಾದಲ್ಲಿತ್ತು. 'ಜಾಸೂಸ್ ಬಾವನ್' ಎಂಬ ಹೆಸರಿನಲ್ಲಿ ಹನ್ನೆರಡು ವರ್ಷಗಳಲ್ಲಿ ಆರು ಚಿತ್ರಗಳು ಬಂದಿದ್ದವು. ಆರರಲ್ಲೂ ಐವತ್ತೆರಡನೆಯ ನಂಬರಿನ ಗೂಢಚಾರನಾಗಿ ನಟಿಸಿದವನು ಹೇಮರಾಜ್: ಬಿಳಿ ಕೋಟು, ಕುತ್ತಿಗೆಗೆ ಕೆಂಪು ಕರ್ಚೀಫು, ಪೆನ್ಸಿಲ್‌ನಲ್ಲಿ ಗೀಚಿದಂಥ ಮೀಸೆ. ಆ ಮೀಸೆ, ಆ ಗಲ್ಲ, ಆ ಹುಬ್ಬು ಅಚ್ಚು ಹಾಕಿದಂತೆ ಜಯಕರನಿಗೂ ಇದ್ದವು. ಮೂರನೆಯ ಚಿತ್ರದಲ್ಲಿ ಗೂಢಚಾರ ಶತ್ರುಗಳಿಂದ ತಪ್ಪಿಸಿಕೊಂಡು ದೌಲತಾಬಾದ್ ಕೋಟೆಯಿಂದ ಹಾರುತ್ತಾನೆ. ತೆರೆಯ ಮೇಲೆ ನಾಲ್ಕು ಸೆಕೆಂಡು. ಕಾಣುವುದು ಬೆನ್ನು ಮಾತ್ರ. ಹೇಮರಾಜನಿಗೆ ಎತ್ತರವೆಂದರೆ ಭಯ, ಅವನ ಬದಲು ಹಾರಿದ ಡೂಪು ತಾನೇ, ಆ ಬೆನ್ನು ತನ್ನದೇ ಎಂದು ಜಯಕರನ ವಾದ. ಪುರಾವೆಗೆ ಕಾಲು ಇತ್ತು. ಎಡಗಾಲು ಗಂಟಿನ ಬಳಿ ಮುರಿದು, ವಕ್ರವಾಗಿ ಕೂಡಿಕೊಂಡು, ಅವನು ಕುಂಟುತ್ತಿದ್ದ.

ಆ ಕಾಲಿನ ಕತೆಯಿಂದಲೇ ಅವನ ಮದುವೆಯೂ ಆಯಿತು. ಸಾವಿರದ ಒಂಬೈನೂರ ಅರವತ್ತೈದರಲ್ಲಿ ಕುಂದಾಪುರದಲ್ಲಿ ಹೆಣ್ಣು ನೋಡಲು ಹೋದಾಗ, ಕುಸುಮಾವತಿ ಕಾಫಿಯ ತಟ್ಟೆ ಇಟ್ಟವಳು ಅವನ ಕಾಲು ನೋಡಿ ನೇರವಾಗಿ ಕೇಳಿದ್ದಳು: "ಕಾಲಿಗೆ ಎಂತ ಆದದ್ದು?" ಆಗ ಕೋಟೆಯ ಎತ್ತರ ಇನ್ನೂ ಇನ್ನೂರು ಅಡಿ ಇತ್ತು, ಚಹಾದ ಕಪ್ಪು ಹುಟ್ಟಿರಲಿಲ್ಲ. ಅಷ್ಟೇ ಸಾಕಾಯಿತು. ಪಕ್ಕದ ಕೋಟ ಎಂಬ ಊರಿನ ಶಾಲಾ ಮಾಸ್ತರರೊಬ್ಬರ ಸಂಬಂಧ ಹೆಚ್ಚುಕಡಿಮೆ ನಿಶ್ಚಯವಾಗಿತ್ತು. ಅದನ್ನು ಬಿಟ್ಟು ಅವಳು ಈ ಕುಂಟನ ಹಿಂದೆ ನಾಸಿಕಕ್ಕೆ ಬಂದಳು. ಮೂರನೆಯ ಚಿತ್ರ ಯಾವ ಟಾಕೀಸಿಗೆ ಮರಳಿ ಬಂದರೂ ಹೋಗಿ ನೋಡುತ್ತಿದ್ದಳು. ಹನ್ನೊಂದು ಸಲ ನೋಡಿದ್ದಳು. ಜಿಗಿತ ಬರುವಾಗ ಗಂಡನ ಕೈಯನ್ನು ಬಿಗಿಯಾಗಿ ಹಿಡಿದು, "ಎಡಗೈ ಮಡಚಿಕೊಂಡದ್ದು ನೋಡಿ, ಥೇಟ್ ನೀವು ಮಲಗುವ ಹಾಗೆ" ಅನ್ನುತ್ತಿದ್ದಳು. ಜಯಕರ ಕತ್ತಲೆಯಲ್ಲಿ ಎಡಗೈ ಮಡಚಿಕೊಳ್ಳುತ್ತಿದ್ದ.

ಅದಲ್ಲದೆ ಜೀಪು ಇತ್ತು. ನಾಸಿಕದಲ್ಲೂ ಔರಂಗಾಬಾದಿನಲ್ಲೂ ಟಾಕೀಸುಗಳಿದ್ದ ಒಬ್ಬ ಸೇಠ್‌ಜಿಯ ಬಳಿ ಪ್ರಚಾರದ ಕೆಲಸ ನೋಡುತ್ತಿದ್ದವನು ಬೀದರ ಕಡೆಯ ವಿಶ್ವನಾಥಪ್ಪ. ಅವನು ಒಮ್ಮೆ ದೋಸೆ ತಿನ್ನಲು ಬಂದು ಜಯಕರನ ಮುಖ ನೋಡಿ, ತಿನ್ನುವುದನ್ನೇ ಮರೆತಿದ್ದ. ಅಂದಿನಿಂದ ಪ್ರತಿ ಹೊಸ 'ಬಾವನ್' ಬಂದಾಗ ಜಯಕರನಿಗೆ ಎಂಟು ದಿನ ಬಿಳಿ ಕೋಟು, ಕೆಂಪು ಕರ್ಚೀಫು. ತೆರೆದ ಜೀಪಿನಲ್ಲಿ ಕಬ್ಬಿಣದ ಸರಳು ಹಿಡಿದು ನಿಂತು, ಹಿಂದೆ ಮೈಕು ಕೂಗುತ್ತಿರುವಾಗ, ನಾಸಿಕದಿಂದ ಸಿನ್ನರ್, ವೈಜಾಪುರ ದಾಟಿ ಔರಂಗಾಬಾದಿನವರೆಗೆ ಕರಪತ್ರ ಎಸೆಯುತ್ತ ಹೋಗುವುದು. ಸಿನ್ನರಿನಲ್ಲಿ ಐವತ್ತು ಸಾವಿರ ಜನ ಸೇರಿದ್ದರು. ಊರಿನಲ್ಲಿ ಅಷ್ಟು ಜನ ಇರಲಿಲ್ಲವಾದ್ದರಿಂದ ಪಕ್ಕದ ತಾಲೂಕಿನಿಂದ ಕಡ ತಂದಿದ್ದರು. ವೈಜಾಪುರದ ಸಂತೆಯಲ್ಲಿ ಮಾರಲು ತಂದ ಎತ್ತುಗಳು ಹಗ್ಗ ಹರಿದುಕೊಂಡು ಜೀಪಿನ ಹಿಂದೆ ಔರಂಗಾಬಾದಿನ ತನಕ ಓಡಿ ಬಂದು, ಟಿಕೆಟ್ ಸಿಗದೆ ಹಿಂತಿರುಗಿದವು. ಇದೆಲ್ಲ ಜಯಕರ ಹೇಳುತ್ತಿದ್ದದ್ದು. ಹೇಳದೆ ಇದ್ದದ್ದು ಒಂದೇ: ಜೀಪಿನಲ್ಲಿ ನಿಂತವನ ಕುಂಟು ಯಾರಿಗೂ ಕಾಣುವುದಿಲ್ಲ. ಎರಡು ವರ್ಷಕ್ಕೊಮ್ಮೆ, ಎಂಟು ದಿನ, ಅವನಿಗೆ ಎರಡು ಕಾಲು.

ಎಪ್ಪತ್ತೆರಡರ ಬೇಸಿಗೆಯಲ್ಲಿ ಹೋಟೆಲಿನ ಎದುರಿನ ಗೋಡೆಗೆ ಏಳನೆಯ ಚಿತ್ರದ ಪೋಸ್ಟರ್ ಬಂತು. ಅಂಟು ಬಳಿಯುವವನು ಹಳೆಯ ಹೇಮರಾಜನ ಮೇಲೆಯೇ ಬಳಿದ. ಮೊದಲು ಕಾಲು ಮುಚ್ಚಿತು, ಆಮೇಲೆ ಕೋಟು, ಕೊನೆಗೆ ಮೀಸೆ. ಮೇಲೆ ಕಾಣಿಸಿಕೊಂಡವನು ಬೇರೆ. ಹೇಮರಾಜನಿಗೆ ಹೊಟ್ಟೆ ಬಂದಿತ್ತಂತೆ, ನಿರ್ಮಾಪಕರು ಬಿಟ್ಟುಬಿಟ್ಟರಂತೆ. ಹೊಸ ಬಾವನ್‌ನ ಹೆಸರು ಕಿರಣ್‌ಜೀತ್. ಇಪ್ಪತ್ತನಾಲ್ಕು ವರ್ಷ, ಹಾಲು ಬಣ್ಣ, ಮೀಸೆಯೇ ಇಲ್ಲ.

ಕಾವಲಿಯ ಮೇಲೆ ದೋಸೆ ಹೊಗೆಯಾಡಿತು. ಹದಿನಾಲ್ಕು ವರ್ಷಗಳಲ್ಲಿ ಜಯಕರ ಸುಟ್ಟ ಮೊದಲ ದೋಸೆ ಅದು. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ.

"ಆತ್ ಬಿಡ್ರಿ ಜಯಕರಣ್ಣಾರ," ಗುರುಸಿದ್ದಪ್ಪ ಶುರು ಮಾಡಿದ, "ಇನ್ನ ನಿಮಗ ಪೆನ್ಶನ್..." ಆಮೇಲೆ ಅವನ ಮುಖ ನೋಡಿದ. ಸುಟ್ಟ ದೋಸೆಯನ್ನು ತಾನೇ ಎಳೆದುಕೊಂಡು, ಒಂದು ಚೂರು ಬಿಡದೆ ತಿಂದು ಎದ್ದುಹೋದ.

ಜಯಕರ ಔರಂಗಾಬಾದಿನ ಟಾಕೀಸಿನಲ್ಲಿದ್ದ ವಿಶ್ವನಾಥಪ್ಪನಿಗೆ ಮೂರು ಕಾರ್ಡು ಬರೆದ. ಉತ್ತರವಿಲ್ಲ. ನಾಲ್ಕನೆಯ ವಾರ, ಕನ್ನಡಿಯ ಮುಂದೆ ನಿಂತು ಹನ್ನೆರಡು ವರ್ಷದ ಮೀಸೆಯನ್ನು ಬೋಳಿಸಿದ. ಕೂದಲಿಗೆ ಕಪ್ಪು ಬಳಿದ. ಕೆನ್ನೆಗೆ ಪೌಡರು. ಹೊರಗೆ ಬಂದಾಗ ಅಕ್ಕಿ ಆರಿಸುತ್ತಿದ್ದ ಕುಸುಮಾವತಿ ತಲೆಯೆತ್ತಿ ನೋಡಿದಳು. ಮೀಸೆಯಿದ್ದ ಜಾಗದ ಚರ್ಮ ಬೆಳ್ಳಗೆ, ಸುಕ್ಕುಸುಕ್ಕಾಗಿ, ಗಾಯದ ಪಟ್ಟಿ ಬಿಚ್ಚಿದ ಹಾಗಿತ್ತು.

"ಹೊಸಬನ ಹಾಗೆ ಉಂಟಾ?" ಜಯಕರ ಕೇಳಿದ.

ಅವಳು ಬಹಳ ಹೊತ್ತು ಮೊರದಲ್ಲಿ ಕಲ್ಲು ಹುಡುಕಿದಳು. "ನಾನೂ ಬರ್ತೇನೆ ಔರಂಗಾಬಾದಿಗೆ," ಅಂದಳು.

ಸರ್ಕಾರಿ ಎಸ್ಟಿ ಬಸ್ಸಿನಲ್ಲಿ ವೈಜಾಪುರ ದಾಟಿದ ಮೇಲೆ, ಎಡಗಡೆ ದೂರದಲ್ಲಿ ಬೋಳು ಗುಡ್ಡಗಳು ಕಂಡವು. ಕುಸುಮಾವತಿ ಕಿಟಕಿಗೆ ಮುಖ ಒತ್ತಿದಳು. "ಹ್ವಾಯ್, ಯಾವುದು?" ಜಯಕರ ಒಂದು ಗುಡ್ಡ ತೋರಿಸಿದ. "ಅಲ್ಲಿಂದ." ಅವಳು ಆ ಗುಡ್ಡ ಮರೆಯಾಗುವ ತನಕ ಕತ್ತು ತಿರುಗಿಸಿ ನೋಡುತ್ತಲೇ ಇದ್ದಳು. ಆಮೇಲೆ ಸೆರಗಿನಿಂದ ಅವನ ಕೆನ್ನೆಯ ಪೌಡರು ಮೆಲ್ಲಗೆ ಸರಿ ಮಾಡಿದಳು.

ಟಾಕೀಸಿನ ಆಫೀಸಿನಲ್ಲಿ ವಿಶ್ವನಾಥಪ್ಪ ಅವರನ್ನು ಕೂರಿಸಿದ, ನೀರು ಕೊಟ್ಟ, ಅವರ ಕಣ್ಣು ತಪ್ಪಿಸಿ ಮಾತಾಡಿದ. "ಜಯಕರ್ ಅವ್ರೇ, ನಾ ಏನ್ ಮಾಡ್ಲಿ ಹೇಳ್ರಿ. ಪಿಕ್ಚರ್‌ದಾಗಿನ ಮಾರಿನೇ ಬದಲ್ ಆಗ್ಯಾದ. ಸೇಠ್‌ಜಿ ಒಬ್ಬ ಕಾಲೇಜ್ ಹುಡುಗನ್ನ ಗೊತ್ತ ಮಾಡ್ಯಾರ."

"ಮೀಸೆ ತೆಗೆದಿದ್ದೇನೆ."

"ನೋಡಿದ್ನಿರಿ." ವಿಶ್ವನಾಥಪ್ಪ ಮೇಜಿನ ಖಾನೆ ತೆಗೆದು ಎರಡು ಪಾಸು ಮುಂದಿಟ್ಟ. "ಮ್ಯಾಟಿನಿ ಶೋ ನೋಡ್ಕೊಂಡ್ ಹೋಗ್ರಿ. ಬಾಂಬೆದಿಂದ ಫೈಟ್ ಮಾಸ್ಟರ್ ಬಂದಾರ, ಇಂಟರ್ವಲ್‌ದಾಗ ಹಾರ ಹಾಕೋದದ."

ಹೊರಗೆ ಜೀಪು ಹೊರಟಿತ್ತು. ಅದೇ ಜೀಪು, ಅದೇ ಸರಳು. ಬಿಳಿ ಕೋಟಿನ ಹುಡುಗ ಸರಳನ್ನೂ ಹಿಡಿಯದೆ ನಿಂತಿದ್ದ. ಅವನು ಎಸೆದ ಕರಪತ್ರವೊಂದು ಜಯಕರನ ಎದೆಗೆ ಬಡಿದು ಕೆಳಗೆ ಬಿತ್ತು. ಕುಸುಮಾವತಿ ಬಗ್ಗಿ ಅದನ್ನು ಹೆಕ್ಕಿ, ಮಡಚಿ, ಯಾಕೆಂದು ಗೊತ್ತಿಲ್ಲದೆ ಚೀಲದಲ್ಲಿ ಇಟ್ಟುಕೊಂಡಳು.

ಸಿನಿಮಾ ಶುರುವಾಯಿತು. ನಗಾರಿ ಮೊಳಗಿತು. ತೆರೆಯ ಮೇಲೆ ಕೋಟೆ. ಕೋಟೆಯ ಅಂಚಿನಿಂದ ಬಿಳಿ ಕೋಟಿನ ಬೆನ್ನೊಂದು ಗಾಳಿಗೆ ಬಿತ್ತು. ಮುಂದಿನ ಬೆಂಚಿನವರು "ಕಿರಣ್‌ಜೀತ್" ಎಂದು ಸೀಟಿ ಹೊಡೆದರು. ಅದೇ ನಾಲ್ಕು ಸೆಕೆಂಡು. ಮಡಚಿದ ಅದೇ ಎಡಗೈ. ಹೊಸದಾಗಿ ತೆಗೆಯುವ ಖರ್ಚೇಕೆಂದು ಮೂರನೆಯ ಚಿತ್ರದ ತುಂಡನ್ನೇ ಕತ್ತರಿಸಿ ಇಲ್ಲಿ ಅಂಟಿಸಿದ್ದರು.

ಕುಸುಮಾವತಿ ಅವನ ಕೈ ಹಿಡಿದು ಎದ್ದುನಿಂತಳು. "ಹ್ವಾಯ್, ಇದು ನೀವೇ ಅಲ್ದಾ? ಅವನ ಸಿನಿಮಾದಲ್ಲೂ ನಿಮ್ಮನ್ನೇ ಹಾಕಿದ್ದಾರೆ!"

"ಕೂತ್ಕೊ ಮಾರಾಯ್ತಿ."

"ಹೇಗೆ ಕೂತ್ಕೊಳ್ಳುದು? ಹಾರಲಿಕ್ಕೆ ನೀವು ಬೇಕು, ಜೀಪಿನ ಮೇಲೆ ನಿಲ್ಲಲಿಕ್ಕೆ ಬೇಡವಾ? ನೀವು ಬಾಯಿ ಬಿಡುದಿಲ್ಲ. ನಾನೇ ಕೇಳ್ತೇನೆ."

ಹಾರಿಬಿದ್ದ ಗೂಢಚಾರ ಮುಂದೆ ಏನು ಮಾಡಿದನೆಂದು ಜಯಕರ ನೋಡಲಿಲ್ಲ. ಇಂಟರ್ವಲ್ ಬಾರದಿರಲಿ ಎಂದು ಊರಿನ ಎಲ್ಲ ದೇವರಿಗೂ ಹೇಳಿಕೊಂಡ. ಬಂತು. ಕೈ ಹಿಡಿದು ಎಳೆದ. ಅವಳು ಬಿಡಿಸಿಕೊಂಡಳು. ಎರಡು ಸರಿ ಕಾಲುಗಳವಳು, ಅವನಿಗಿಂತ ಬೇಗ ನಡೆದುಹೋದಳು.

ಫೈಟ್ ಮಾಸ್ಟರ್ ಪೋಸ್ಟರಿನ ಕೆಳಗೆ ಕೊರಳ ತುಂಬ ಹಾರ ಹಾಕಿಕೊಂಡು ಸೋಡಾ ಕುಡಿಯುತ್ತಿದ್ದ. ಕುಸುಮಾವತಿ ಮರಾಠಿ, ಹಿಂದಿ ಎರಡನ್ನೂ ಕಲಸಿ ಎಲ್ಲ ಹೇಳಿದಳು: ಕೋಟೆಯಿಂದ ಹಾರಿದ್ದು ತನ್ನ ಗಂಡ, ಅದರಲ್ಲೇ ಕಾಲು ಹೋದದ್ದು, ಈಗ ಆ ಹಾರಾಟವನ್ನು ಇನ್ನೊಬ್ಬನ ಹೆಸರಿಗೆ ಮಾಡಿದ್ದು, ನ್ಯಾಯ ಅಂತ ಒಂದು ಇದ್ದರೆ ಜೀಪನ್ನಾದರೂ ಅವರಿಗೆ ಬಿಡಬೇಕು. ಹಿಂದೆ ಕುಂಟುತ್ತ ಬಂದ ಜಯಕರನನ್ನು ತೋರಿಸಿದಳು.

ಮಾಸ್ಟರ್ ಗದರಲಿಲ್ಲ. ಅದೇ ಕೆಟ್ಟದಾಯಿತು. ಒಳ್ಳೆಯ ಮನುಷ್ಯ, ನಗುತ್ತ ವಿವರಿಸಿದ. "ಬೆಹೆನ್‌ಜೀ, ವೋ ಆದ್ಮೀ ನಹೀಂ ಥಾ. ಪುತ್ಲಾ ಥಾ." ಮನುಷ್ಯನಲ್ಲ, ಗೊಂಬೆ. ಗೋಣಿಚೀಲದೊಳಗೆ ಜೋಳದ ದಂಟು ತುಂಬಿ ತಾನೇ ಕೈಯಾರೆ ಹೊಲಿದದ್ದು, ಅಷ್ಟು ಎತ್ತರದಿಂದ ಮನುಷ್ಯನನ್ನು ಯಾರು ದೂಡುತ್ತಾರೆ ಎಂದ. ಗಾಳಿಗೆ ಎಡಗೈ ಬಡಿದಾಡುತ್ತಿತ್ತು, ಅದಕ್ಕೆ ಮಡಚಿ ತಂತಿಯಲ್ಲಿ ಕಟ್ಟಿದ್ದೆ, ತೆರೆಯ ಮೇಲೆ ಈಗಲೂ ಕಾಣುತ್ತದೆ ನೋಡಿ ಎಂದು ತನ್ನ ಕೈ ಮಡಚಿ ತೋರಿಸಿದ.

ಕುಸುಮಾವತಿ ಆ ಮಡಚಿದ ಕೈಯನ್ನೇ ನೋಡಿದಳು. ಬೆಲ್ಲು ಹೊಡೆಯಿತು, ಜನ ಒಳಗೆ ಹೋದರು. ಅವಳು ಹೊರಗೆ ನಡೆದಳು.

ಟಾಂಗಾ ನಿಲ್ಲುವ ಬೇವಿನ ಮರದ ಕೆಳಗೆ ಕಲ್ಲಿನ ಕಟ್ಟೆಯಿತ್ತು. ಇಬ್ಬರೂ ಕೂತರು. ಮಧ್ಯಾಹ್ನದ ಬಿಸಿಲು ರಸ್ತೆಯ ಮೇಲೆ ಕಾವಲಿಯ ಹಾಗೆ ಬಿದ್ದಿತ್ತು.

"ಎರಡು ಸಲ ತೆಗೆದಿದ್ದರು," ಜಯಕರ ಹೇಳಿದ. "ಮೊದಲು ಗೊಂಬೆ, ಆಮೇಲೆ ನಾನು. ಈ ಮಾಸ್ಟರಿಗೆ ಮರೆತುಹೋಗಿದೆ..."

ಕುಸುಮಾವತಿ ರಸ್ತೆಯ ಬಿಸಿಲನ್ನೇ ನೋಡುತ್ತ ಕೂತಳು. ಬೈದಿದ್ದರೆ ಇನ್ನೊಂದು ಕತೆ ಹುಟ್ಟುತ್ತಿತ್ತೋ ಏನೋ. ಅವಳ ಮೌನದಲ್ಲಿ ಕತೆಗೆ ಕಾಲೂರಲು ಜಾಗವಿರಲಿಲ್ಲ. ಜಯಕರ ಬಾಯಿ ಮುಚ್ಚಿದ. ಬೋಳು ತುಟಿಯ ಮೇಲೆ ಬೆವರು ಕೂತಿತು.

"ಹನ್ನೊಂದು ಸಲ," ಅವಳು ಕೊನೆಗೆ ಹೇಳಿದಳು. "ಜೋಳದ ದಂಟನ್ನು."

"ಹ್ಞೂಂ."

"ಬೆಳಿಗ್ಗೆ ತೋರಿಸಿದ ಗುಡ್ಡ?"

"ಅದು ಕೋಟೆಯೋ ಅಲ್ಲವೋ ನನಗೆ ಗೊತ್ತಿಲ್ಲ. ನಾನು ದೌಲತಾಬಾದಿಗೆ ಹೋದವನೇ ಅಲ್ಲ."

"ಸಿನ್ನರಿನ ಜನ?"

"ಒಂದು ಇಪ್ಪತ್ತು ಇದ್ದರು. ಬಸ್ಸಿಗೆ ಕಾಯ್ತಿದ್ದವರು."

ಅವಳು ಚೀಲದಿಂದ ಕರಪತ್ರ ತೆಗೆದಳು, ಮಡಿಕೆ ಬಿಡಿಸಿದಳು, ಮತ್ತೆ ಮಡಚಿದಳು. "ಕೋಟದ ಮಾಸ್ಟ್ರಿಗೆ ಎರಡು ಕಾಲೂ ಸರಿ ಇತ್ತು," ಅಂದಳು. ಸಿಟ್ಟಿರಲಿಲ್ಲ. ಮನೆಯಲ್ಲಿ ಅಕ್ಕಿ ಮುಗಿದಿದೆ ಎನ್ನುವ ದನಿ. ಆಮೇಲೆ ಅವನ ಕಾಲಿನ ಕಡೆ ನೋಡದೆ ಕೇಳಿದಳು: "ಕಾಲಿಗೆ ಎಂತ ಆದದ್ದು?"

ಏಳು ವರ್ಷಗಳ ಹಿಂದೆ ಕುಂದಾಪುರದ ಜಗಲಿಯಲ್ಲಿ ಕೇಳಿದ ಅದೇ ಪ್ರಶ್ನೆ. ಅಂದು ಉತ್ತರ ಅವನ ನಾಲಿಗೆಯ ತುದಿಯಲ್ಲಿತ್ತು. ಇಂದು ಒಂದೊಂದು ಮಾತನ್ನೂ ಬಾವಿಯಿಂದ ಸೇದಬೇಕಾಯಿತು.

"ಹೋಟೆಲಿನ ಹಿಂದೆ, ಪಾತ್ರೆ ತೊಳೆಯುವಲ್ಲಿ. ಆ ಸಿನಿಮಾ ಬರುವುದಕ್ಕೆ ಎರಡು ವರ್ಷ ಮೊದಲು. ಇಡ್ಲಿ ಹಿಟ್ಟು ಚೆಲ್ಲಿತ್ತು. ಯಾರೂ ನೋಡಲಿಲ್ಲ, ನಾನೇ ಎದ್ದು ಬಂದೆ. ಎಂಟು ದಿನ ಉಳುಕು ಅಂತ ಎಣ್ಣೆ ಹಚ್ಚಿದೆ. ಅಷ್ಟರಲ್ಲಿ ಮೂಳೆ ವಕ್ರವಾಗಿ ಕೂಡಿತ್ತು."

"ಎಷ್ಟು ಎತ್ತರದಿಂದ ಬಿದ್ದದ್ದು?"

ಬಿಳಿ ಕೋಟಿನ ಹುಡುಗ ಒಂದು ಸುತ್ತು ಮುಗಿಸಿ ಬಂದ. ಮೈಕು ಹೊಸ ಹೆಸರನ್ನು ಕೂಗುತ್ತ ಅವರ ಮುಂದೆ ಹಾದು, ತಿರುವಿನಲ್ಲಿ ಸಣ್ಣಗಾಗಿ, ಕೇಳಿಸದಾಯಿತು.

"ಎತ್ತರ ಎಂತದ್ದೂ ಇಲ್ಲ," ಜಯಕರ ಹೇಳಿದ. "ನೆಲದ ಮೇಲೇ ನಿಂತಿದ್ದೆ. ಜಾರಿ ಬಿದ್ದೆ."