ಮೌಸಿನ ಬಲಗುಂಡಿ

ಫೋಟೋಗ್ರಾಫರು ಸ್ಟುಡಿಯೋದ ಬಾಗಿಲು ತಳ್ಳಿದ್ದೇ ತಡ, ಕಂಪ್ಯೂಟರಿನ ಮುಂದೆ ಕೂತಿದ್ದ ಭಾಮೈದ ಮೌಸಿನ ಬಲಗುಂಡಿ ಒತ್ತಿದ. ಪರದೆಯ ಮೇಲೆ ಪಟ್ಟಿಯೊಂದು ಇಳಿಬಿತ್ತು. ಏನನ್ನೋ ಆರಿಸಿದ, ಎಲ್ಲೋ ಒಂದು ಗುರುತು ಹಾಕಿದ. ಕಣ್ಣೆದುರಿಗಿದ್ದ ಫೋಲ್ಡರು ಮಾಯವಾಯಿತು.

"ಏನೋ ಅದು?" ಎಂದರು ಫೋಟೋಗ್ರಾಫರು.

"ಏನಿಲ್ಲ ಭಾವ, ಕಸ ತೆಗೀತಿದ್ದೆ."

ಕಸ ತೆಗೆಯುವವನು ಹೀಗೆ ಬೆಚ್ಚುತ್ತಾನೆಯೇ? ಫೋಟೋಗ್ರಾಫರಿಗೆ ಗೊತ್ತಿದ್ದದ್ದು ಎಡಗುಂಡಿಯೊಂದೇ. ತೆರೆಯುವುದು, ನೋಡುವುದು, ಮುಚ್ಚುವುದು. ಬಲಗುಂಡಿಯ ರಾಜ್ಯವೆಲ್ಲ ಭಾಮೈದನದು. ಕ್ಯಾಮೆರಾದ ವಿಷಯಕ್ಕೆ ಮಾತ್ರ ಅವರು ಯಾರ ಮಾತನ್ನೂ ಕೇಳುವವರಲ್ಲ. ಫೋಕಸ್ಸನ್ನು ಯಂತ್ರಕ್ಕೆ ಬಿಡದೆ ಕೈಯಲ್ಲೇ ತಿರುಗಿಸಬೇಕು. ಈಚೆಗೆ ಮದುವೆಗಳಲ್ಲಿ ಭಾಮೈದ ಅವರ ಬೆನ್ನ ಹಿಂದೆಯೇ ನಿಂತು ಇನ್ನೊಂದು ಕ್ಯಾಮೆರಾದಲ್ಲಿ ತೆಗೆಯುತ್ತಿದ್ದ. ಕೇಳಿದರೆ, "ಇರಲಿ ಭಾವ, ಒಂದಕ್ಕೆರಡು" ಎನ್ನುತ್ತಿದ್ದ. ತಮ್ಮ ಚಿತ್ರಗಳನ್ನೆಲ್ಲ ಗುಟ್ಟಾಗಿ ಗುಡ್ಡೆ ಹಾಕಿಕೊಂಡು ನಾಳೆ ಎದುರಿಗೇ ಬೇರೆ ಸ್ಟುಡಿಯೋ ತೆಗೆಯುತ್ತಾನೆ ಎಂದು ಅವರಿಗೆ ಖಾತ್ರಿಯಾಗತೊಡಗಿತು.

ಮರುದಿನ ಭಾಮೈದ ಲೆನ್ಸ್ ರಿಪೇರಿಗೆಂದು ಹೊರಹೋದಾಗ ಹೆಂಡತಿಯನ್ನು ಕರೆತಂದರು. ಶಾಲೆಯ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಅವಳದು.

"ನನ್ನ ತಮ್ಮನ ಮೇಲೆ ಪತ್ತೇದಾರಿಕೆಗೆ ನಾನೇ ಬೇಕಿತ್ತಾ ನಿಮಗೆ?"

"ತಪ್ಪು ಮಾಡಿಲ್ಲ ಅಂದ್ಮೇಲೆ ಭಯ ಯಾಕೆ? ಒತ್ತು ಆ ಬಲಗುಂಡಿ."

ಅವಳು ತಮ್ಮನ ಫೋಲ್ಡರೊಂದರ ಮೇಲೆ ಒತ್ತಿದಳು, ಪಟ್ಟಿಯ ಕೊನೆಯ ಸಾಲನ್ನು ಆರಿಸಿದಳು. ಮುಖ ಸಣ್ಣದಾಯಿತು. "ತೆರೆದ್ರೆ ಖಾಲಿ. ಆದ್ರೆ ಒಳಗೆ ನೂರಾರು ಫೋಟೋ ಇದೆ ಅಂತ ತೋರಿಸ್ತಿದೆ."

"ನೋಡಿದ್ಯಾ! ಮನೆಯವನು ಅಂತ ನಂಬಿದ್ದಕ್ಕೆ!"

ಅವಳು ಮತ್ತೇನೋ ಬದಲಿಸಿದಳು. ಅಡಗಿದ್ದ ಫೋಲ್ಡರು ಮಸುಕಾಗಿ ಮೂಡಿತು. ತೆರೆದರೆ ಎಲ್ಲ ಅವರದೇ ಚಿತ್ರಗಳು: ಮೊನ್ನೆಯ ಮದುವೆ, ಅದರ ಹಿಂದಿನದು, ಯಾರದೋ ನಾಮಕರಣ.

"ಇವೇ ಆಲ್ಬಮ್ಮಿನಲ್ಲೂ ಇವೆ. ಮತ್ತೆ ಇಲ್ಲಿ ಯಾಕೆ ಬಚ್ಚಿಟ್ಟ?" ಎಂದರು ಫೋಟೋಗ್ರಾಫರು.

ಗಿರಾಕಿಗೆ ಕೊಟ್ಟಿದ್ದ ಚಿತ್ರವನ್ನೂ ಬಚ್ಚಿಟ್ಟಿದ್ದನ್ನೂ ಅವಳು ಪರದೆಯ ಮೇಲೆ ಪಕ್ಕಪಕ್ಕ ಇಟ್ಟಳು. ಎರಡರಲ್ಲೂ ಮದುಮಗಳು ನಗುತ್ತಿದ್ದಳು.

"ನಾನು ಹೇಳ್ಲಿಲ್ವಾ? ಎರಡೂ ಒಂದೇ."

ಹೆಂಡತಿ ಒಂದರಿಂದ ಇನ್ನೊಂದಕ್ಕೆ ಕಣ್ಣಾಡಿಸಿದಳು. ಬಳಿಕ ಮೆಲ್ಲಗೆ ಕೇಳಿದಳು: "ನಿಮಗೆ ಎರಡೂ ಒಂದೇ ಥರ ಕಾಣ್ತಿದ್ಯಾ?"

"ಯಾಕೆ?"

"ಬಚ್ಚಿಟ್ಟಿರೋದು ಮಂಜು ಮಂಜಾಗಿದೆ ರೀ. ಮುಖಾನೇ ಸರಿಯಾಗಿ ಗೊತ್ತಾಗ್ತಿಲ್ಲ."

ಅವರು ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. ಎರಡೂ ಒಂದೇ. ಅವಳು ಮತ್ತೊಂದು ಜೋಡಿ ತೆರೆದಳು, ಮಗದೊಂದು. "ಇದೂ ಹಾಗೇ," ಎನ್ನುತ್ತ ಹೋದಳು. ಗಿರಾಕಿಗಳು ಮೆಚ್ಚಿಕೊಂಡು ಒಯ್ದದ್ದು ತಮ್ಮ ಬೆನ್ನ ಹಿಂದೆ ನಿಂತವನು ತೆಗೆದದ್ದು ಎಂದು ಫೋಟೋಗ್ರಾಫರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅಷ್ಟರಲ್ಲಿ ಭಾಮೈದ ಬಂದ. ಅಕ್ಕನನ್ನೂ ಪರದೆಯನ್ನೂ ನೋಡಿ ಹೊಸ್ತಿಲಲ್ಲೇ ನಿಂತ. "ಭಾವ, ಹೇಗೆ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ..."

"ಹಿಂದೆ ಗಿರಾಕಿ ನಿಂತಿದ್ದಾರೆ. ಮೊದಲು ಒಳಗೆ ಕರಿ," ಎಂದರು ಫೋಟೋಗ್ರಾಫರು.

ಬಂದವರು ಗಂಡ ಹೆಂಡತಿ, ಕಂಕುಳಲ್ಲೊಂದು ಕೂಸು. ಫೋಟೋಗ್ರಾಫರು ದೀಪ ಹಾಕಿದರು, ಅಭ್ಯಾಸಬಲದಿಂದ ಕ್ಯಾಮೆರಾ ಎತ್ತಿಕೊಂಡರು. ಲೆನ್ಸಿನ ಫೋಕಸ್ ಬಳೆಯನ್ನು ಒಮ್ಮೆ ತಿರುಗಿಸಿ, ಕ್ಯಾಮೆರಾವನ್ನು ಭಾಮೈದನ ಕೈಗಿಟ್ಟರು. ಆಮೇಲೆ ಅವನ ಹಿಂದೆ ಹೋಗಿ ನಿಂತು, ಜೇಬಿನಿಂದ ಕೀಗೊಂಚಲು ತೆಗೆದು ಅಲ್ಲಾಡಿಸಿದರು. ಕೂಸು ಇತ್ತ ತಿರುಗಿತು. ನಕ್ಕಿತೋ ಇಲ್ಲವೋ ಅಲ್ಲಿಂದ ಅವರಿಗೆ ತಿಳಿಯಲಿಲ್ಲ, ಅಲ್ಲಾಡಿಸುತ್ತಲೇ ಇದ್ದರು.