ವಿಲನ್ ಪಕ್ಕದ ಮನುಷ್ಯ

ಅಪ್ಪಯ್ಯಣ್ಣನ ಊರು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ. ಕೈಗಾರಿಕೆಗೆಂದು ಸರ್ಕಾರ ಕೇಳಿದ ಜಮೀನು ಬಿಡುವುದಿಲ್ಲವೆಂದು ಧರಣಿ ಕೂತೂ ಕೂತೂ ಆತನ ಸೊಂಟ ಹಿಡಿದುಹೋಗಿತ್ತು. ಅಂಥದರಲ್ಲಿ ಊರಿಗೆ ಸಿನಿಮಾದವರು ಬಂದರು. ಅವರ ಕಥೆಯೂ ಜಮೀನಿನದೇ. ಒಬ್ಬ ದೊಡ್ಡ ಕುಳ ರೈತರ ಹೊಲ ನುಂಗಲು ಬರುತ್ತಾನೆ, ಹೀರೋ ಹೊಡೆದು ಬಿಡಿಸಿಕೊಡುತ್ತಾನೆ.

ಜನರ ಗುಂಪಿನಲ್ಲಿ ನಿಲ್ಲಲು ಹೋದ ಅಪ್ಪಯ್ಯಣ್ಣನ ಮೀಸೆ ನೋಡಿ ಡೈರೆಕ್ಟರು ಅವನನ್ನು ವಿಲನ್ ಪಕ್ಕ ನಿಲ್ಲಿಸಿದ. ಮಾತು ಒಂದೇ. ಒಪ್ಪದ ರೈತನ ಮುಂದೆ ಕಾಗದ ಹಿಡಿದು, "ಸೈನ್ ಹಾಕ್ಬಿಡು. ಇವತ್ತಲ್ಲ ನಾಳೆ ಹೋಗೋದೇ" ಅನ್ನಬೇಕು.

ಹಾಗೆನ್ನಲು ಅಪ್ಪಯ್ಯಣ್ಣನಿಗೆ ಬಾಯಿ ಬರಲಿಲ್ಲ. ಹೆಚ್ಚುಕಡಿಮೆ ಇದೇ ಮಾತನ್ನು ಎರಡು ವರ್ಷದ ಹಿಂದೆ ತಮ್ಮ ದೇವರಾಜ್ ಹೇಳಿದ್ದ. ಹೇಳಿ, ತನ್ನ ಭಾಗದ ಎರಡೆಕರೆಗೆ ಒಪ್ಪಿಗೆ ಬರೆದುಕೊಟ್ಟು ಬಂದಿದ್ದ. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿರಲಿಲ್ಲ.

"ಜೋರಾಗಿ ಗದರಿಸಿ ಸಾರ್, ನೀವು ವಿಲನ್ ಕಡೆಯೋರು" ಎಂದ ಡೈರೆಕ್ಟರು.

ಗದರಿಸಿದರೆ ನಾಟಕದಂತೆ ಕೇಳುತ್ತಿತ್ತು. ಹನ್ನೊಂದು ಸಲ ತೆಗೆದರು. ಬಿಸಿಲು ನೆತ್ತಿಗೇರಿತು. ಹನ್ನೆರಡನೇ ಸಲಕ್ಕೆ ಅಪ್ಪಯ್ಯಣ್ಣನಿಗೆ ಸಾಕಾಗಿತ್ತು. ಅಂದು ಜಗಲಿಯಲ್ಲಿ ಕೂತು ದೇವರಾಜ್ ಹೇಗೆ ಹೇಳಿದ್ದನೋ ಹಾಗೇ ಹೇಳಿಬಿಟ್ಟ. ತಲೆಯೆತ್ತದೆ, ದನಿಯೇರಿಸದೆ, ಚಪ್ಪಲಿ ನೋಡುತ್ತಾ.

"ಇದೇ ಬೇಕಾಗಿತ್ತು" ಎಂದ ಡೈರೆಕ್ಟರು. ಅಪ್ಪಯ್ಯಣ್ಣ ಮರದ ನೆರಳಿಗೆ ಹೋಗಿ ಕೂತ. ಆ ದಿನ ಅವನಿಗೆ ಊಟ ಸೇರಲಿಲ್ಲ.

ಏಳು ತಿಂಗಳಾದ ಮೇಲೆ ಸಿನಿಮಾ ಬಂತು. ಊರಿನವರು ದೇವನಹಳ್ಳಿಗೆ ಹೋಗಿ ನೋಡಿಬಂದರು. ಮಾರನೆಯ ಬೆಳಿಗ್ಗೆ ನಂದೀಶನ ಟೀ ಅಂಗಡಿಯ ಮುಂದೆ ಬೇರೆ ಮಾತೇ ಇಲ್ಲ.

"ಹೀರೋ ಏನ್ ಗುರು, ನೇಗಿಲು ಎತ್ತಿದ್ರೆ ಸೊಂಟ ಮುರ್ಕೊಳ್ಳೋ ಹಂಗವ್ನೆ" ಎಂದ ನಂದೀಶ್. "ಅವನ ಕೈಲಿ ಮೂವತ್ತು ಜನಕ್ಕೆ ಹೊಡೆಸ್ತಾರೆ."

"ಹೀರೋನ್ ಬಿಡಪ್ಪ. ಆ ವಿಲನ್ ಎಲ್ಲಿಂದ ತಂದ್ರೋ. ಬಾಯಿ ಒಂದು ಕಡೆ, ಮಾತು ಒಂದು ಕಡೆ" ಎಂದರು ಆದಿನಾರಾಯಣಪ್ಪ. ಊರಿನಲ್ಲಿ ಸಿನಿಮಾ ಬಗ್ಗೆ ಅವರದೇ ಕೊನೆಯ ಮಾತು. "ವಿಲನ್ ಅಂದ್ರೆ ಕಣ್ಣಲ್ಲೇ ಹೆದರಿಸ್ಬೇಕು. ಇವನು ಬರೀ ಸಿಗಾರ್ ಸೇದ್ತಾನೆ. ಡೈರೆಕ್ಟರ್ ಅರ್ಧಕ್ಕೇ ಮುಗಿಸಿದ್ರೆ ಚೆನ್ನಾಗಿರ್ತಿತ್ತು."

"ನಮ್ಮ ಅಪ್ಪಯ್ಯಣ್ಣಂಗೇ ಆ ಪಾರ್ಟ್ ಕೊಡ್ಬೇಕಿತ್ತು" ಎಂದು ನಂದೀಶ್ ನಕ್ಕ.

ಅಪ್ಪಯ್ಯಣ್ಣ ಲೋಟ ಕೆಳಗಿಟ್ಟ. "ನನ್ನ ಕೇಳಿದ್ರೆ, ಆ ವಿಲನ್ನೇ ಸುಳ್ಳು ಕಣಪ್ಪ. ಅವನು ಕಾರಿಳಿದು ಹೊಲದ ತಂಕ ಬರ್ತಾನೆ. ನಮ್ಮ ಹತ್ರ ಯಾರು ಬಂದ್ರು? ಕಾಗದ ಬಂತು, ಅಷ್ಟೇ. ಯಾರನ್ನ ಹಿಡ್ಕೊಂಡು ಹೊಡೆಯೋದು?"

ಆದಿನಾರಾಯಣಪ್ಪ ಹಾಡುಗಳ ಬಗ್ಗೆ ಮಾತು ತೆಗೆದರು. ಅಪ್ಪಯ್ಯಣ್ಣ ಎದ್ದು ಹೊರಟ.

ಹಾಲಿನ ಡೈರಿಯ ಹತ್ತಿರ ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿತು. ದೇವರಾಜ್.

"ನಾನೂ ನೋಡ್ದೆ" ಎಂದ.

ಅಪ್ಪಯ್ಯಣ್ಣ ನಿಂತ.

"ಅದು ನಾನೇ ಅಲ್ವಾಣ್ಣ?"

ಸುಳ್ಳು ಹೇಳಲು ಅಪ್ಪಯ್ಯಣ್ಣನಿಗೆ ತ್ರಾಣವಿರಲಿಲ್ಲ. "ಹೂಂ. ಬೇರೆ ಥರ ಹೇಳಕ್ಕೆ ಬರ್ಲಿಲ್ಲ."

"ಊರೋರೆಲ್ಲ ನೋಡಿದ್ರು."

"ಅವರಿಗೆ ಗೊತ್ತಾಗ್ಲಿಲ್ಲ. ಅವರು ನೋಡಿದ್ದು ನನ್ನ ಮೀಸೆ."

ದೇವರಾಜ್ ಹಾಲಿನ ಕ್ಯಾನನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಅವತ್ತು ನಿನ್ನ ಹೆದರಿಸಕ್ಕೆ ಹೇಳ್ಳಿಲ್ಲ ಅಣ್ಣ. ನಂಗೆ ಸಾಕಾಗಿತ್ತು. ಮೀಟಿಂಗು, ಆಫೀಸು, ಮತ್ತೆ ಮೀಟಿಂಗು."

"ಗೊತ್ತು" ಎಂದ ಅಪ್ಪಯ್ಯಣ್ಣ. "ಹನ್ನೆರಡು ಸಲ ಅದೇ ಮಾತು ಹೇಳ್ಸಿದ್ರಲ್ಲ. ಕೊನೇ ಸಲ ಹೇಳೋವಾಗ ಗೊತ್ತಾಯ್ತು, ನೀನೂ ಸುಸ್ತಾಗಿದ್ದೆ ಅಂತ."

"ಮತ್ತೆ ಯಾಕೆ ಬರ್ಲಿಲ್ಲ ಮನೆ ಕಡೆ?"

"ಗೊತ್ತಾದ್ರೂ ಕೋಪ ಹೋಗ್ಲಿಲ್ವಲ್ಲೋ."

ಒಂದು ಟಿಪ್ಪರ್ ಧೂಳೆಬ್ಬಿಸಿಕೊಂಡು ಹೋಯಿತು. ದೇವರಾಜ್ ಕಣ್ಣೊರೆಸಿಕೊಂಡ. ಧೂಳಿಗೋ ಏನೋ, ಅಪ್ಪಯ್ಯಣ್ಣ ಕೇಳಲಿಲ್ಲ.

"ಅತ್ತಿಗೆ ಹೆಂಗವ್ರೆ?"

"ಮಂಡಿ ನೋವು ಅಂತಾಳೆ. ಬಾ, ನೋಡ್ಕೊಂಡು ಹೋಗು."

ಮುತ್ಯಾಲಮ್ಮ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಎರಡೂವರೆ ವರ್ಷದ ಮೇಲೆ ಬಂದ ಮೈದುನನನ್ನು ಒಮ್ಮೆ ನೋಡಿದಳು, ಗಂಡನನ್ನು ಒಮ್ಮೆ. ಮೊರವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು.

"ಕೂತ್ಕ" ಎಂದಳು. "ಈ ಸೊಪ್ಪೊಂದು ಮುಗಿಸ್ಬಿಡ್ತೀನಿ."